ತಂದವರೇ ಹೊರಬೇಕಾದ ಭಾರ

ಸಾಮಾನು ಕಡಿಮೆಯಾದರೆ ಮನಸ್ಸು ಹಗುರಾಗುತ್ತದೆ ಎಂಬ ಮಾತು ಈಗ ಎಲ್ಲರ ಬಾಯಲ್ಲಿದೆ. ಜಪಾನಿನ ಮಾರಿಯೆ ಕೊಂಡೊ ಬರೆದ ಪುಸ್ತಕ 2014ರಲ್ಲಿ ಇಂಗ್ಲಿಷಿಗೆ ಬಂದಮೇಲಂತೂ ಅದಕ್ಕೊಂದು ಪರೀಕ್ಷೆಯೂ ಸಿಕ್ಕಿತು: ವಸ್ತುವನ್ನು ಕೈಯಲ್ಲಿ ಹಿಡಿದು ನೋಡಿ, ಖುಷಿಯಾದರೆ ಇಟ್ಟುಕೊಳ್ಳಿ, ಆಗದಿದ್ದರೆ ಕಳಿಸಿಬಿಡಿ. ಹುಮನಾಬಾದ್ ತಾಲ್ಲೂಕಿನ ಘಾಟಬೋರಾಳದಂಥ ಊರಿನ ಅಡುಗೆಮನೆಯಲ್ಲಿ ಈ ಪರೀಕ್ಷೆ ಮೊದಲ ಪರಾತಕ್ಕೇ ಮುಗ್ಗರಿಸುತ್ತದೆ.

ಹಲಗೆಯ ಮೇಲೆ ಬೋರಲು ಹಾಕಿದ ಆ ಪರಾತದ ಅಂಚಿನಲ್ಲಿ ಚುಕ್ಕೆಚುಕ್ಕೆಯಾಗಿ ಕೊಟ್ಟವರ ಹೆಸರು, ಮದುವೆಯ ತಾರೀಖು ಕೊರೆಸಿರುತ್ತದೆ. ಅದು ಆಹೇರು ಬಂದದ್ದು. ಖುಷಿ ಕೊಡುತ್ತದೋ ಇಲ್ಲವೋ ಎಂಬ ಪ್ರಶ್ನೆಯೇ ಅಲ್ಲಿಲ್ಲ. ಕೊಟ್ಟವರ ಮನೆಯಲ್ಲಿ ಮದುವೆ ಬಂದಾಗ ಅಷ್ಟೇ ಬೆಲೆಯದ್ದನ್ನು ತಿರುಗಿ ಮಾಡಬೇಕು, ಅಲ್ಲಿಯವರೆಗೆ ಲೆಕ್ಕದ ಪುಸ್ತಕ ಆ ಪರಾತವೇ. ಉಡಿ ತುಂಬಿಸಿಕೊಂಡು ಬಂದ ಕುಪ್ಪಸದ ಖಣಗಳದು ಇನ್ನೊಂದು ಬಗೆ. ಹೊಲಿಸುವವರು ಕಡಿಮೆ, ಟ್ರಂಕಿನಿಂದ ಹೊರಟು ನಾಲ್ಕು ಮನೆ ಸುತ್ತಿ ಒಮ್ಮೊಮ್ಮೆ ಅದೇ ಟ್ರಂಕಿಗೆ ವಾಪಸು ಬರುತ್ತವೆ. (ಮಡಿಕೆ ಬಿಚ್ಚದೆಯೇ ಇಷ್ಟು ತಿರುಗಾಡಿದ ಬಟ್ಟೆ ಬೇರೆಲ್ಲೂ ಇರಲಿಕ್ಕಿಲ್ಲ.) ಹಳೆಯ ಸೀರೆ ಕೌದಿಯಾಗುತ್ತದೆ, ಹರಿದ ಕೌದಿ ಹೊಸ ಕೌದಿಯ ಒಳಪದರವಾಗುತ್ತದೆ, ಕೊನೆಯ ಚಿಂದಿ ಒಲೆಯಿಂದ ಪಾತ್ರೆ ಇಳಿಸುವ ಮಸಿಬಟ್ಟೆ. ನೋಡಿದವರಿಗೆ ಇದು ರಾಶಿ. ಮನೆಯಾಕೆಗೆ ಪ್ರತಿಯೊಂದರ ಮುಂದಿನ ಊರು ಗೊತ್ತಿದೆ.

ಕೂಡಿಡುವುದೆಲ್ಲ ಮೋಹ ಎನ್ನುವುದು ಸುಲಭ. ಆದರೆ ಮಳೆಯನ್ನೇ ನೆಚ್ಚಿದ ತೊಗರಿ, ಜೋಳದ ಸೀಮೆಯಲ್ಲಿ, 1972ರ ಬರದ ಸಂಗತಿ ಹಿರಿಯರಿಂದ ಕೇಳುತ್ತ ಬೆಳೆದವರ ಮನೆಯಲ್ಲಿ, ಹಗೇವಿಗೆ ಸುರಿದ ಜೋಳವನ್ನು ಯಾರು ಮೋಹ ಎಂದಾರು? ನಾಳೆ ಬೇಕಾದರೆ ಪೇಟೆಯಿಂದ ಮತ್ತೆ ತಂದೇನು ಎಂಬ ಧೈರ್ಯವಿದ್ದವರಷ್ಟೇ ಇವತ್ತು ನಿರಾಳವಾಗಿ ಎಸೆಯಬಲ್ಲರು. ಈ ಧೈರ್ಯ ಎಲ್ಲರ ಗಂಟಿನಲ್ಲಿ ಇರುವುದಿಲ್ಲ.

ಹಾಗೆಂದು ಈಗಿನ ಮನೆಗಳನ್ನು ತುಂಬಿರುವುದು ಹಗೇವಿನ ಜೋಳವೂ ಅಲ್ಲ, ಆಹೇರಿನ ಪರಾತವೂ ಅಲ್ಲ. ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ, ಸುಟ್ಟ ಮಿಕ್ಸರ್, ಯಾವ ಫೋನಿನದೆಂದು ತಿಳಿಯದ ಚಾರ್ಜರು, ಟಿವಿ ಬಂದಿದ್ದ ಡಬ್ಬಿ. ಇದರ ಜೊತೆಗೆ ದುಡಿಯಲು ಪುಣೆ, ಹೈದರಾಬಾದಿಗೆ ಹೋದ ಮಕ್ಕಳ ಮನೆಯ ಹಳೆಯ ಫ್ರಿಜ್ಜು, ಸೋಫಾ. 65ನೇ ಹೆದ್ದಾರಿಯಲ್ಲಿ ಟೆಂಪೊ ಏರಿ ಬಂದ ಅವು ಊರ ಪಡಸಾಲೆಯಲ್ಲಿ ನೆಲೆ ನಿಲ್ಲುತ್ತವೆ. ಫ್ಲಾಟು ಸ್ವಚ್ಛವಾಯಿತೆಂದು ಅಲ್ಲಿ ಸಮಾಧಾನ. ಇಲ್ಲಿ ತಾಯಿ ಅದರ ಸುತ್ತ ಕಸ ಗುಡಿಸಬೇಕು.

ಮನಶ್ಶಾಂತಿಯ ಮಾತು ಬಂದಾಗ ಯಾರ ಮನಸ್ಸು ಎಂದು ಕೇಳಲೇಬೇಕಾಗುವುದು ಇಲ್ಲಿ. ಲಾಸ್ ಏಂಜಲೀಸ್‌ನಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳ 60 ಮಂದಿಯ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ತಮ್ಮ ಮನೆ ಅಸ್ತವ್ಯಸ್ತ, ಕೆಲಸ ಬಾಕಿ ಎಂದು ಬಣ್ಣಿಸಿದ ಹೆಂಗಸರಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ದಿನವಿಡೀ ಇಳಿಯಬೇಕಾದಷ್ಟು ಇಳಿದಿರಲಿಲ್ಲ. ಗಂಡಸರಲ್ಲಿ ಅಂಥ ಸಂಬಂಧ ಅಷ್ಟಾಗಿ ಕಾಣಲಿಲ್ಲ. ನಮ್ಮ ಕಡೆ ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ನವರಾತ್ರಿಗೆ ಘಟ ಹಾಕುವ ಮುಂಚಿನ ವಾರ ನೋಡಿದರೆ ಸಾಕು: ಹಾಸಿಗೆ, ಕೌದಿ, ಪಾತ್ರೆಗಳೆಲ್ಲ ಅಂಗಳಕ್ಕೆ ಬಂದು ತೊಳೆಸಿಕೊಂಡು ಒಳಗೆ ಹೋಗಬೇಕು, ಗೋಡೆಗೆ ಸುಣ್ಣ ಆಗಬೇಕು. ಅದೇ ಹೊತ್ತಿಗೆ ಕಟ್ಟೆಯಿಂದ ಒಂದು ಕೂಗು, “ಪಹಣಿ ಎಲ್ಲಿಟ್ಟೀದಿ?”

ಬಸವಕಲ್ಯಾಣದ ನೆರೆಯಲ್ಲಿದ್ದು ಈ ವಿಷಯಕ್ಕೆ ಜಪಾನಿನ ತನಕ ಹೋಗುವುದು ವಿಚಿತ್ರವೇ. 12ನೇ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನ ಕಾಯಕ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವುದು. ಒಂದು ದಿನ ಆತ ರೂಢಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಒಪ್ಪಲಿಲ್ಲ, ಹೆಚ್ಚಾದದ್ದನ್ನು ತಿರುಗಿ ಸುರಿದು ಬಾ ಎಂದಳು. ಈ ಕತೆಯನ್ನು ನಾವು ತ್ಯಾಗದ ಕತೆಯಾಗಿ ಓದುತ್ತೇವೆ. ಬೇಕಾದಷ್ಟು ನಾಳೆಯೂ ಸಿಕ್ಕೀತೆಂಬ ಭರವಸೆ ಆಕೆಗಿತ್ತು ಎಂಬುದನ್ನು ಮರೆಯಬಾರದು; ಒಣಬೇಸಾಯದ ರೈತನಿಗೆ ಅದನ್ನೇ ಉಪದೇಶಿಸಿದರೆ ಅನ್ಯಾಯವಾದೀತು. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಬೇರೆ ಎರಡು ಸಂಗತಿ. ಆಕೆ ಅಟ್ಟ ತುಂಬುವವರೆಗೆ ಕಾಯಲಿಲ್ಲ, ಬಾಗಿಲಲ್ಲೇ ತಡೆದಳು. ಮತ್ತು ಆ ಅಕ್ಕಿಯನ್ನು ವಾಪಸು ಹೊತ್ತದ್ದು ತಂದವನೇ.

ಈಗ ತರುವವರು ಒಬ್ಬರು, ಒರೆಸುವವರು ಇನ್ನೊಬ್ಬರು. ಎಸೆಯುವ ಪಾಠ ಹೇಳುವವರು ಕೂಡ ಒರೆಸುವವರನ್ನೇ ಕೂರಿಸಿಕೊಂಡು ಹೇಳುತ್ತಾರೆ. ದಸರಾಕ್ಕೆ ಊರಿಗೆ ಬಂದ ಮಗನಿಗೇ ಆ ಫ್ರಿಜ್ಜು ಸರಿಸಿ ಹಿಂದಿನ ಜೇಡ ತೆಗೆದು ಸುಣ್ಣ ಹಚ್ಚುವ ಕೆಲಸ ಒಪ್ಪಿಸಿದರೆ, ಮುಂದಿನ ಟೆಂಪೊ ಹೇಳುವ ಮೊದಲು ಆತ ಊರಿಗೊಂದು ಫೋನು ಮಾಡಿ ಕೇಳಿಯಾನು.