ಪುಸ್ತಕದ ಟ್ಯಾಗ್: ಓದುಗನ ಮಾತೋ, ಪರದೆಯ ಮಾತೋ?

ಓದುಗರು ಪುಸ್ತಕಗಳಿಗೆ ಅಂಟಿಸುವ ಟ್ಯಾಗ್‌ಗಳನ್ನು ಸಂಶೋಧನೆಯ ಆಕರವಾಗಿ ಬಳಸುವ ರೂಢಿ ಸಾಹಿತ್ಯಾಧ್ಯಯನದಲ್ಲಿ ಬೇರೂರಿದೆ. ಗುಡ್‌ರೀಡ್ಸ್, ಲೈಬ್ರರಿಥಿಂಗ್ ಮುಂತಾದ ತಾಣಗಳಲ್ಲಿ ಒಂದು ಕೃತಿಗೆ ಬಿದ್ದ ಕಿರುಪದಗಳನ್ನು ಎಣಿಸಿ, ಓದುಗ ಸಮೂಹ ಅದನ್ನು ಇಂಥ ಪ್ರಕಾರವೆಂದು ಗ್ರಹಿಸಿದೆ ಎಂದು ತೀರ್ಮಾನಿಸಲಾಗುತ್ತದೆ. 2004ರಲ್ಲಿ ಥಾಮಸ್ ವ್ಯಾಂಡರ್ ವಾಲ್ ಈ ಬಗೆಗೆ 'ಫೋಕ್ಸಾನಮಿ', ಎಂದರೆ ಜನರೇ ಕಟ್ಟಿಕೊಂಡ ವರ್ಗೀಕರಣ, ಎಂಬ ಹೆಸರಿತ್ತರು. ಹೆಸರಿನಲ್ಲಿ ಜನರಿದ್ದಾರೆ, ಜನ ಬರೆಯುವ ಚೌಕವಿಲ್ಲ. ಹಸ್ತಪ್ರತಿಯ ಪಾಠವನ್ನು ನಿರ್ಣಯಿಸುವ ಮುನ್ನ ಓಲೆಯ ಅಳತೆಯನ್ನೂ ಲಿಪಿಕಾರನ ರೂಢಿಯನ್ನೂ ವಿಚಾರಿಸುವ ವಿದ್ವತ್ ಪರಂಪರೆಯು ಪರದೆಯ ಮುಂದೆ ಆ ಎಚ್ಚರವನ್ನು ಮರೆತಿರುವುದು ಸೋಜಿಗ.

2005ರಲ್ಲಿ ಎರಡು ಪ್ರಯೋಗಗಳು ಹೆಚ್ಚುಕಡಿಮೆ ಒಟ್ಟಿಗೆ ಆರಂಭವಾದವು. ಟಿಮ್ ಸ್ಪಾಲ್ಡಿಂಗ್ ಅವರ ಲೈಬ್ರರಿಥಿಂಗ್ ಓದುಗನಿಗೆ ತನ್ನ ಮನೆಯ ಪುಸ್ತಕಗಳ ಪಟ್ಟಿಯನ್ನು ಮಾಡಿಕೊಳ್ಳಲು ಅವಕಾಶ ಕೊಟ್ಟಿತು. ಅಮೆಜಾನ್ ತನ್ನ ಮಾರಾಟದ ಪುಟದಲ್ಲಿಯೇ ಟ್ಯಾಗ್ ಚೌಕವನ್ನು ತೆರೆಯಿತು. ಅಮೆಜಾನ್‌ನ ಗ್ರಾಹಕರ ಸಂಖ್ಯೆಗೆ ಲೈಬ್ರರಿಥಿಂಗ್ ಸದಸ್ಯರು ಲೆಕ್ಕಕ್ಕೇ ಸಿಗದಷ್ಟು. ಆದರೂ 2007ರಲ್ಲಿ ಸ್ಪಾಲ್ಡಿಂಗ್ ಹೋಲಿಸಿ ನೋಡಿದಾಗ ಅವರ ತಾಣದಲ್ಲಿ ಸುಮಾರು ಹತ್ತು ಪಟ್ಟು ಹೆಚ್ಚು ಟ್ಯಾಗ್‌ಗಳಿದ್ದವು. ಅವರು ಕೊಟ್ಟ ಕಾರಣ ಸರಳ: ಜನ ತಮ್ಮ ವಸ್ತುವನ್ನು ಜೋಡಿಸಿಡುತ್ತಾರೆ, ಅಂಗಡಿಯವನ ಸರಕನ್ನಲ್ಲ. ವ್ಯತ್ಯಾಸ ಸಂಖ್ಯೆಯಲ್ಲಷ್ಟೇ ಇರಲಿಲ್ಲ. ಅಂಗಡಿಯ ಗೋಡೆ ಎಲ್ಲರಿಗೂ ಕಾಣುವಂಥದ್ದು. ಅಲ್ಲಿ ಟ್ಯಾಗ್ ಘೋಷಣೆಯಾಯಿತು. ಡಿಜಿಟಲ್ ಬೀಗವಿರುವ ಸರಕುಗಳ ಮೇಲೆ ಸ್ವತಂತ್ರ ತಂತ್ರಾಂಶ ಚಳವಳಿಯವರು 'ಡಿಫೆಕ್ಟಿವ್ ಬೈ ಡಿಸೈನ್' ಎಂಬ ಟ್ಯಾಗನ್ನು ಸಾಮೂಹಿಕವಾಗಿ ಅಂಟಿಸಿದರು. ಅದನ್ನು ಪ್ರಕಾರದ ಹೆಸರೆಂದು ಎಣಿಸುವವರುಂಟೇ?

ಗುಡ್‌ರೀಡ್ಸ್ ಟ್ಯಾಗ್ ಎನ್ನಲಿಲ್ಲ, ಕಪಾಟು ಎಂದಿತು. ಪುಸ್ತಕವೊಂದನ್ನು ಸೇರಿಸುವವನ ಮುಂದೆ ಮೊದಲಿಗೆ ಬರುವುದು 'ಓದಿದೆ', 'ಓದುತ್ತಿದ್ದೇನೆ', 'ಓದಬೇಕು' ಎಂಬ ಮೂರು ಸಿದ್ಧ ಕಪಾಟುಗಳು. ಒಂದರಲ್ಲಿಟ್ಟರೆ ಇನ್ನೊಂದರಲ್ಲಿ ಇಡುವಂತಿಲ್ಲ. ಹೀಗಾಗಿ ಮೊದಲ ಪ್ರಶ್ನೆ ಕೃತಿ ಎಂಥದು ಎಂಬುದಲ್ಲ, ಓದುಗ ಅದರೊಡನೆ ಎಲ್ಲಿದ್ದಾನೆ ಎಂಬುದು. ಮಹಾಕಾವ್ಯವಿರಲಿ ಪತ್ತೇದಾರಿ ಕಥೆಯಿರಲಿ, 'ಓದಬೇಕು' ಎಂಬುದೇ ಮುಂದೆ ನಿಲ್ಲುತ್ತದೆ. ಅರ್ಧಕ್ಕೆ ಬಿಟ್ಟ ಪುಸ್ತಕಕ್ಕೆ ಬಹುಕಾಲ ಸಿದ್ಧ ಕಪಾಟೇ ಇರಲಿಲ್ಲವಾದ್ದರಿಂದ ಓದುಗರು ತಾವೇ ಮಾಡಿಕೊಂಡರು: ಒಬ್ಬನದು 'ಕೈಬಿಟ್ಟದ್ದು', ಇನ್ನೊಬ್ಬಳದು 'ಮುಗಿಸಲಿಲ್ಲ', ಮತ್ತೊಬ್ಬರದು ಅದರ ಮೂರಕ್ಷರದ ಸಂಕ್ಷೇಪ. ಆ ವೈವಿಧ್ಯವನ್ನು ಕಂಡು ಓದುಗರ ಮನೋಧರ್ಮದ ಬಗ್ಗೆ ಸಿದ್ಧಾಂತ ಕಟ್ಟುವುದು ಸುಲಭ. ಅದು ಹುಟ್ಟಿದ್ದಾದರೋ ಮೂರು ಗುಂಡಿಗಳ ಪಕ್ಕದಲ್ಲಿ ನಾಲ್ಕನೆಯದು ಇಲ್ಲದ್ದರಿಂದ.

ಇನ್ನೂ ಸಣ್ಣ ಸಂಗತಿ, ಪದಗಳ ನಡುವಿನ ಖಾಲಿ ಜಾಗ. 2003ರಲ್ಲಿ ಬಂದ ಡೆಲಿಶಸ್ ತಾಣ ಟ್ಯಾಗ್‌ಗಳನ್ನು ಖಾಲಿ ಜಾಗದಿಂದ ಬೇರ್ಪಡಿಸುತ್ತಿತ್ತು, ಲೈಬ್ರರಿಥಿಂಗ್ ಅಲ್ಪವಿರಾಮದಿಂದ. ಮೊದಲನೆಯದರಲ್ಲಿ 'ಐತಿಹಾಸಿಕ ಕಾದಂಬರಿ' ಎಂದು ಬರೆದರೆ 'ಐತಿಹಾಸಿಕ', 'ಕಾದಂಬರಿ' ಎಂಬ ಎರಡು ಟ್ಯಾಗ್‌ಗಳಾಗುತ್ತವೆ. ಎರಡನೆಯದರಲ್ಲಿ ಅದು ಒಂದೇ ಪರಿಕಲ್ಪನೆಯಾಗಿ ಉಳಿಯುತ್ತದೆ. ಸಮಾಸಪ್ರಿಯವಾದ ಕನ್ನಡಕ್ಕೆ ಇದು ಅಲ್ಪ ವಿಷಯವೇನಲ್ಲ.

ಇವೆಲ್ಲ ಊಹೆಯೆಂದು ತಳ್ಳಿಹಾಕುವವರು ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಬೇಕು. ಅದು ಪುಸ್ತಕಗಳದಲ್ಲ, ಮೂವಿಲೆನ್ಸ್ ತಾಣದ ಚಲನಚಿತ್ರಗಳದು. ಆದರೆ ಪ್ರಶ್ನೆ ಇದೇ. ಬಳಕೆದಾರರನ್ನು ನಾಲ್ಕು ಗುಂಪು ಮಾಡಿ, ಒಂದಕ್ಕೆ ಇತರರ ಟ್ಯಾಗ್‌ಗಳನ್ನು ತೋರಿಸಲೇ ಇಲ್ಲ. ಉಳಿದವಕ್ಕೆ ಕ್ರಮವಾಗಿ ಗುಂಪಿನವರ ಕೆಲವು ಟ್ಯಾಗ್‌ಗಳನ್ನು, ಹೆಚ್ಚು ಬಳಕೆಯಾದವನ್ನು, ಯಂತ್ರ ಸೂಚಿಸಿದವನ್ನು ತೋರಿಸಿದರು. ವಸ್ತುಸ್ಥಿತಿ ಹೇಳುವ, ಅಭಿಪ್ರಾಯ ಹೇಳುವ, ಸ್ವಂತಕ್ಕಷ್ಟೇ ಉಪಯೋಗವಾಗುವ ಟ್ಯಾಗ್‌ಗಳ ಪ್ರಮಾಣ ಗುಂಪಿನಿಂದ ಗುಂಪಿಗೆ ಬೇರೆಯಾಯಿತು. ಚಿತ್ರಗಳ ಸಂಗ್ರಹ ಒಂದೇ; ಬದಲಾದದ್ದು ಪರದೆ.

ಕನ್ನಡದ ಸಂಶೋಧಕನಿಗೆ ಇದು ದೂರದ ಮಾತಲ್ಲ. ಈ ತಾಣಗಳಲ್ಲಿ ಕನ್ನಡ ಕಾದಂಬರಿಗಳ ಮೇಲೆ 'ಕನ್ನಡ' ಎಂಬ ಕಪಾಟಿನ ಹೆಸರು ಮತ್ತೆ ಮತ್ತೆ ಕಾಣುತ್ತದೆ, ರೋಮನ್ ಲಿಪಿಯಲ್ಲಿ ಒಮ್ಮೆ, ಕನ್ನಡ ಲಿಪಿಯಲ್ಲಿ ಇನ್ನೊಮ್ಮೆ. ಕನ್ನಡ ಪುಸ್ತಕಗಳೇ ತುಂಬಿದ ಮನೆಯ ಕಪಾಟಿನಲ್ಲಿ ಯಾರೂ ಒಂದು ಕಾದಂಬರಿಯ ಬೆನ್ನಿಗೆ 'ಕನ್ನಡ' ಎಂದು ಚೀಟಿ ಅಂಟಿಸುವುದಿಲ್ಲ. ಇಂಗ್ಲಿಷ್ ಪುಸ್ತಕಗಳ ರಾಶಿಯ ನಡುವೆ, ಭಾಷೆಯಿಂದ ವಿಂಗಡಿಸುವ ದಾರಿ ಕೈಗೆ ಸುಲಭವಾಗಿ ಸಿಗದ ಪರದೆಯಲ್ಲಿ, ಭಾಷೆಯೇ ಪ್ರಕಾರದ ಸ್ಥಾನಕ್ಕೆ ಏರುತ್ತದೆ. ಸಾಮಾಜಿಕ, ನವ್ಯ, ಪೌರಾಣಿಕ ಎಂಬ ಭೇದಗಳು ಅದರ ಹಿಂದೆ ಮರೆಯಾಗುತ್ತವೆ. ಇದನ್ನು ನೋಡಿ ಕನ್ನಡ ಓದುಗರಿಗೆ ಪ್ರಕಾರಪ್ರಜ್ಞೆಯೇ ಇಲ್ಲವೆಂದು ಬರೆದರೆ ಅದು ಓದುಗರಿಗೆ ಮಾಡಿದ ಅನ್ಯಾಯ.

ಟ್ಯಾಗ್‌ಗಳು ನಿರುಪಯುಕ್ತವೆಂದು ಇದರ ಅರ್ಥವಲ್ಲ. ಗ್ರಂಥಾಲಯದ ಏಳೂವರೆ ಹನ್ನೆರಡೂವರೆ ಸೆಂಟಿಮೀಟರ್ ಕಾರ್ಡೂ ಒಂದು ಚೌಕವೇ. ಪ್ರತಿ ಹೊಸ ವಿಷಯಶೀರ್ಷಿಕೆಗೂ ಇನ್ನೊಂದು ಕಾರ್ಡು ಬರೆಯಬೇಕಾಗಿದ್ದುದರಿಂದ ಶೀರ್ಷಿಕೆಗಳು ಮಿತವಾದವು. ಆದರೆ ಕಾರ್ಡು ಇಂದಿಗೂ ಕೈಗೆ ಸಿಗುತ್ತದೆ, ಅಳೆದು ನೋಡಬಹುದು. ಅಮೆಜಾನ್ ತನ್ನ ಟ್ಯಾಗ್ ಸೌಲಭ್ಯವನ್ನೇ ಮುಂದೆ ಕೈಬಿಟ್ಟಿತು. ಉಳಿದ ತಾಣಗಳ ಪುಟಗಳು ಹೇಳದೆ ಕೇಳದೆ ಬದಲಾಗುತ್ತವೆ. ಟ್ಯಾಗ್‌ಗಳ ಎಣಿಕೆಯನ್ನು ಪ್ರಬಂಧದಲ್ಲಿ ಸೇರಿಸುವವರು ಆ ದಿನದ ಪರದೆಯ ಒಂದು ಚಿತ್ರವನ್ನೂ ದಿನಾಂಕದೊಡನೆ ಅನುಬಂಧದಲ್ಲಿ ಇಟ್ಟರೆ, ಹತ್ತು ವರ್ಷದ ಬಳಿಕ ಅದನ್ನು ಪರಿಶೀಲಿಸುವವನಿಗೆ ಪಾಠದ ಜೊತೆಗೆ ಓಲೆಯೂ ದೊರೆಯುತ್ತದೆ.