ಒಂಟಿ ಬಾವಲಿಯ ಒಗಟು

ಒಂದು ಜಾತಿಯ ಪ್ರಾಣಿ ಈ ಭೂಮಿಯ ಮೇಲೆ ಬಾಳಿತ್ತೆಂಬುದಕ್ಕೆ ಒಂದೇ ಒಂದು ಸಾಕ್ಷಿ ಸಾಕೆ?

ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ಕರಾವಳಿಯಾಚೆ ಪರ್ಸಿ ಎಂಬ ಪುಟ್ಟ ದ್ವೀಪಗಳಿವೆ. 19ನೆಯ ಶತಮಾನದಲ್ಲಿ ಅಲ್ಲಿ ದೊರೆತ ಬಾವಲಿಯೊಂದು ಲಂಡನ್ನಿನ ವಸ್ತುಸಂಗ್ರಹಾಲಯವನ್ನು ಸೇರಿತು. ಹಣ್ಣು ತಿಂದು ಬದುಕುವ ದೊಡ್ಡ ಬಾವಲಿಗಳ ವಂಶದ್ದು. ಹಿಂದೆ ಭಾರತದಲ್ಲಿ ಸೇನಾವೈದ್ಯರಾಗಿದ್ದ ಡಾಬ್ಸನ್ ಎಂಬ ವಿದ್ವಾಂಸರು 1878ರಲ್ಲಿ ಅದನ್ನು ಹೊಸ ಜಾತಿಯೆಂದು ಸಾರಿ, ಕಂದುಬಣ್ಣವನ್ನು ಸೂಚಿಸುವ ಲ್ಯಾಟಿನ್ ಹೆಸರನ್ನಿಟ್ಟರು. ಅಂಥ ಎರಡನೆಯ ಬಾವಲಿ ಇಂದಿಗೂ ದೊರೆತಿಲ್ಲ!

ಅಷ್ಟು ಚಿಕ್ಕ ದ್ವೀಪಗಳಲ್ಲಿ ಬಾವಲಿಗಳ ಹಿಂಡಿಗೆ ವರ್ಷವಿಡೀ ಆಹಾರ ಒದಗುವುದು ಕಷ್ಟ. ಆದುದರಿಂದ ಅದು ಸಮುದ್ರ ದಾಟಿ ದಾರಿತಪ್ಪಿ ಬಂದ ಅತಿಥಿಯಾಗಿರಬಹುದೆಂದು ಕೆಲವು ಪ್ರಾಣಿಶಾಸ್ತ್ರಜ್ಞರು ಶಂಕಿಸಿದ್ದಾರೆ. ಅದು ದ್ವೀಪದ ಸ್ವಂತ ಸಂತಾನವೆಂದೂ, ಈಗ ನಿರ್ವಂಶವಾಗಿದೆಯೆಂದೂ ಉಳಿದವರ ಮತ. ಅಳಿದ ಪ್ರಾಣಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದರ ಹೆಸರೂ ಸೇರಿದೆ.

ಮೊದಲನೆಯ ಮಾತು ನಿಜವಾದರೆ, ಆ ದ್ವೀಪಗಳಲ್ಲಿ ಯಾವ ಕುಲವೂ ಅಳಿಯಲಿಲ್ಲ. ಎರಡನೆಯದು ನಿಜವಾದರೆ, ಒಂದು ಕುಲದ ಚರಿತ್ರೆಯೆಲ್ಲ ಆ ಒಂಟಿ ಕಳೇಬರದಲ್ಲಿ ಅಡಗಿದೆ. ತೀರ್ಪು ಹೇಳಬಲ್ಲ ಬಂಧುಗಳು ಯಾರೂ ಅಲ್ಲಿಲ್ಲ.

ಓದುಗರೇ, ಇದ್ದಾಗ ವಿಚಾರಿಸದವರ ಕುಲಗೋತ್ರಗಳನ್ನು ಹೋದಮೇಲೆ ಯಾರನ್ನು ಕೇಳೋಣ?