ಆಟದವನಿಗೆ ಕನ್ನಡ ಬಾರದೆ?



ನಿಮ್ಮ ಮಗನೋ ಮಗಳೋ ಮೊಬೈಲಿನಲ್ಲಿ ಆಡುವ ವಿಡಿಯೋ ಆಟವನ್ನು ಒಮ್ಮೆಯಾದರೂ ಪಕ್ಕದಲ್ಲಿ ಕುಳಿತು ನೋಡಿದ್ದೀರಾ? ಹೆಚ್ಚಿನ ಮನೆಗಳಲ್ಲಿ ನಾವು ಮಾಡುವುದು ಎರಡೇ ಕೆಲಸ. ಮೊದಲು ಗದರುತ್ತೇವೆ, ಆಮೇಲೆ ಕೈಯಿಂದ ಕಸಿದುಕೊಳ್ಳುತ್ತೇವೆ. ಆ ಆಟದೊಳಗೆ ಯಾರಿದ್ದಾರೆ, ಅವರ ಹೆಸರೇನು, ಯಾವ ಭಾಷೆ ಆಡುತ್ತಾರೆ ಎಂದು ಕೇಳಿದವರು ಕಡಿಮೆ. ಮಾಸ್ತರನಾದ ನಾನೂ ಕೇಳಿರಲಿಲ್ಲ.

ಒಂದು ದಿನ ಏಳನೆಯ ತರಗತಿಯ ಮಕ್ಕಳಿಗೆ "ನಿಮಗೆ ಇಷ್ಟವಾದ ಒಬ್ಬ ವೀರನ ಚಿತ್ರ ಬಿಡಿಸಿ" ಎಂದೆ. ಒಬ್ಬ ಹುಡುಗ ಬಹಳ ಚೆನ್ನಾಗಿ ಬಿಡಿಸಿದ. ತಲೆಗೆ ಹೆಲ್ಮೆಟ್ಟು, ಬೆನ್ನಿಗೆ ಚೀಲ, ಕೈಯಲ್ಲಿ ಬಂದೂಕು. ಹೆಸರು ಕೇಳಿದರೆ ಯಾವುದೋ ಇಂಗ್ಲಿಷ್ ಹೆಸರು ಹೇಳಿದ. "ಇವನಿಗೆ ಕನ್ನಡ ಬರುತ್ತದಾ?" ಎಂದೆ. ಇಡೀ ತರಗತಿ ಘೊಳ್ಳೆಂದು ನಕ್ಕಿತು. "ಅವ ಆಟದವ ಮಾಷ್ಟ್ರೇ, ಅವನಿಗೆ ಕನ್ನಡ ಹೇಗೆ ಬರುವುದು?"

ಈ ಮಾತು ನನಗೆ ಚುಚ್ಚಿತು. ಯಾಕೆಂದರೆ ಕಾಸರಗೋಡಿನ ನಮಗೆ 'ಆಟ' ಎಂದರೆ ಯಕ್ಷಗಾನ. ಉತ್ತರದ ಗಡಿಯವರಿಗೆ ದೊಡ್ಡಾಟ, ಸಣ್ಣಾಟ. ರಾಯದುರ್ಗ, ಆದವಾನಿ ಕಡೆಯವರಿಗೆ ಬಯಲಾಟ, ತೊಗಲುಗೊಂಬೆಯಾಟ. ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗಗಳಲ್ಲಿ ರಾಮ ಕನ್ನಡದಲ್ಲಿ ಮಾತಾಡಿದ, ರಾವಣ ಕನ್ನಡದಲ್ಲಿ ಗರ್ಜಿಸಿದ. ಲಂಕೆಯ ಅರಸನಿಗೆ ಕನ್ನಡ ಹೇಗೆ ಬಂತೆಂದು ಯಾವ ಮಗುವೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ನಾವು ಸೊಂಟಕ್ಕೆ ಬೈರಾಸು ಬಿಗಿದು ಅಂಗಳದಲ್ಲಿ ಅಭಿಮನ್ಯುವಾದೆವು. ವೀರನೂ ನಾವೇ, ವೀರನ ಮಾತೂ ನಮ್ಮದೇ. ಇಂದಿನ ಆಟದಲ್ಲಿ ನಮ್ಮ ಮಗು ಇನ್ನೊಬ್ಬನ ಮುಖ ಹಾಕಿಕೊಂಡು ಇನ್ನೊಬ್ಬನ ಮಾತು ಕೇಳುತ್ತ ಆಡಬೇಕಾಗಿದೆ.

"ಆಟದಲ್ಲಿ ಭಾರತೀಯರು ಇದ್ದಾರಲ್ಲ" ಎನ್ನುವವರುಂಟು. ಹೌದು, ಇದ್ದಾರೆ. ಹೇಗಿದ್ದಾರೆ? ಜಪಾನಿನ ಕ್ಯಾಪ್ಕಾಮ್ ಕಂಪೆನಿಯ 'ಸ್ಟ್ರೀಟ್ ಫೈಟರ್ 2' 1991ರಲ್ಲಿ ಬಂತು. ಅದರಲ್ಲಿದ್ದ ಭಾರತೀಯನ ಹೆಸರು ಧಾಲ್ಸಿಮ್. ಕೊರಳಲ್ಲಿ ತಲೆಬುರುಡೆಗಳ ಸರ, ಬಾಯಲ್ಲಿ ಬೆಂಕಿ, ರಬ್ಬರಿನಂತೆ ಉದ್ದವಾಗುವ ಕೈಕಾಲು. ಜಗತ್ತಿನ ಎಷ್ಟೋ ಮಕ್ಕಳು ಕಂಡ ಮೊದಲ ಭಾರತೀಯ ಇವನೇ. ಇವನನ್ನು ನೋಡಿ ನಮ್ಮ ಮಗು "ಇದು ನಾನು" ಎಂದೀತೆ?

ಇನ್ನೂ ಹತ್ತಿರದ ಉದಾಹರಣೆ ಕೇಳಿ. 2017ರಲ್ಲಿ ಅಮೆರಿಕದ ನಾಟಿ ಡಾಗ್ ಸಂಸ್ಥೆ 'ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ' ಎಂಬ ಆಟ ತಂದಿತು. ಕಥೆ ನಡೆಯುವುದು ಪಶ್ಚಿಮಘಟ್ಟದಲ್ಲಿ. ಹುಡುಕುವ ನಿಧಿ ಹೊಯ್ಸಳರದು. ನಾಯಕಿ ಕ್ಲೋಯಿ ಫ್ರೇಜರ್‌ಳ ತಂದೆ ಭಾರತದವನು. ನೋಡಲು ಬಲು ಸುಂದರವಾದ ಆಟ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಹಳೇಬೀಡಿನ ಹೆಸರಿರುವ ಆ ಆಟದ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿಲ್ಲ! ಹೊಯ್ಸಳರ ಕಲ್ಲು ಬೇಕು, ಆ ಕಲ್ಲಿನ ಮೇಲೆ ಕೊರೆದ ಭಾಷೆ ಬೇಡ. ಇದಕ್ಕೆ ಏನೆನ್ನೋಣ?

ನಮ್ಮ ದೇಶದಲ್ಲೇ ತಯಾರಾದರೆ ಸರಿಹೋದೀತೆ? ಸೊಲ್ಲಾಪುರದಿಂದ ಸುಮಾರು 250 ಕಿ.ಮೀ. ದೂರದ ಪುಣೆಯಲ್ಲಿ ಒಂದು ಸಣ್ಣ ತಂಡ 'ರಾಜಿ' ಎಂಬ ಆಟ ಮಾಡಿ 2020ರಲ್ಲಿ ಹೊರತಂದಿತು. ತಮ್ಮನನ್ನು ಹುಡುಕಿಕೊಂಡು ಅಸುರರೊಡನೆ ಹೋರಾಡುವ ಹುಡುಗಿಯ ಕಥೆ. ಧಾಲ್ಸಿಮ್‌ನಿಂದ ಇಲ್ಲಿಗೆ ಬಂದ ದಾರಿ ದೊಡ್ಡದು, ಆ ತಂಡಕ್ಕೆ ಅಭಿನಂದನೆ ಸಲ್ಲಲೇಬೇಕು. ಆದರೂ ಮೊದಲು ಅದು ಮಾತಾಡಿದ್ದು ಇಂಗ್ಲಿಷಿನಲ್ಲಿ, 2022ರಲ್ಲಿ ಸೇರಿದ್ದು ಹಿಂದಿ ಧ್ವನಿ. ಪಾಠ ಸ್ಪಷ್ಟವಾಗಿದೆ. ಭಾರತೀಯ ಮುಖ ಬಂದೊಡನೆ ಅದರ ಹಿಂದೆಯೇ ಕನ್ನಡದ ಬಾಯಿ ಬರುವುದಿಲ್ಲ. ಕೇಳುವವರು ಇದ್ದರೆ ಮಾತ್ರ ಬರುತ್ತದೆ.

"ನಮ್ಮಂಥ ಸಣ್ಣ ಸಮುದಾಯಕ್ಕೆ ಯಾರು ಆಟ ಮಾಡುತ್ತಾರೆ?" ಎಂದು ನೀವು ಕೇಳಬಹುದು. ಅಲಾಸ್ಕದ ಇನ್ಯುಪಿಯಾಟ್ ಜನರನ್ನು ನೋಡಿ. ಅವರ ಭಾಷೆ ಆಡುವವರು ಕೆಲವೇ ಸಾವಿರ. ನಮ್ಮ ಒಂದು ತಾಲೂಕಿನ ಕನ್ನಡಿಗರಿಗಿಂತ ಕಡಿಮೆ. ಆ್ಯಂಕರೇಜ್ ನಗರದ ಕುಕ್ ಇನ್ಲೆಟ್ ಟ್ರೈಬಲ್ ಕೌನ್ಸಿಲ್ ಎಂಬ ಅಲ್ಲಿನ ಮೂಲನಿವಾಸಿಗಳ ಸೇವಾಸಂಸ್ಥೆ ತಾನೇ ಮುಂದೆ ನಿಂತು 2014ರಲ್ಲಿ 'ನೆವರ್ ಅಲೋನ್' ಎಂಬ ಆಟ ಮಾಡಿಸಿತು. ನೂನಾ ಎಂಬ ಪುಟ್ಟ ಹುಡುಗಿ ಮತ್ತು ಒಂದು ಬಿಳಿ ನರಿ ಹಿಮಗಾಳಿಯ ಮೂಲ ಹುಡುಕಿ ಹೊರಡುತ್ತಾರೆ. ಸಮುದಾಯದ ಹಿರಿಯರೂ ಕಥೆಗಾರರೂ ಕುಳಿತು ಕಥೆ ತಿದ್ದಿದರು. ಕಥೆ ಹೇಳುವ ಧ್ವನಿ ಅವರ ಭಾಷೆಯದೇ. ಬೇರೆಯವರು ಬೇಕಾದರೆ ಕೆಳಗಿನ ಬರಹ ಓದಿಕೊಳ್ಳಲಿ! 2015ರಲ್ಲಿ ಆ ಆಟಕ್ಕೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯೂ ಬಂತು. ಅವರು ಯಾವ ದೊಡ್ಡ ಕಂಪೆನಿಯ ಬಾಗಿಲಲ್ಲೂ ಕಾಯಲಿಲ್ಲ. ಕೋಟಿಗಟ್ಟಲೆ ಜನ ಆಡುವ ಭಾಷೆಯವರಾದ ನಾವು ಮಾತ್ರ ಕೈಕಟ್ಟಿ ಕುಳಿತಿದ್ದೇವೆ.

"ಆಟವೇ ಕೆಟ್ಟದ್ದು, ಅದರಲ್ಲಿ ಕನ್ನಡ ಬೇರೆ ಬೇಕೆ?" ಎಂಬ ಆಕ್ಷೇಪ ನನಗೆ ಗೊತ್ತು. ಮಕ್ಕಳಿಗೆ ಹೊತ್ತಿನ ಮಿತಿ ಹಾಕಿ, ನಾನು ಬೇಡವೆನ್ನುವುದಿಲ್ಲ. ರಾತ್ರಿಯಿಡೀ ಆಟ ನೋಡಿ ತರಗತಿಯಲ್ಲಿ ತೂಕಡಿಸಿದ್ದಕ್ಕೆ ನಾವೂ ಪೆಟ್ಟು ತಿಂದವರೇ. ಆದರೆ ಆ ನಿದ್ದೆಗೆಟ್ಟ ರಾತ್ರಿಗಳು ನಮಗೆ ಕನ್ನಡ ಕೊಟ್ಟವು. ಮಗು ಹೇಗೂ ಆಡುತ್ತದೆ. ಆಡುವ ಹೊತ್ತಿನಲ್ಲಿ ಅದಕ್ಕೆ ತಿಳಿಯುತ್ತಿರುವುದೇನು? ಸಾಹಸ, ಗೆಲುವು, ಗೆಳೆತನ ಎಲ್ಲವೂ ಬೇರೆ ಭಾಷೆಯಲ್ಲಿ ನಡೆಯುತ್ತವೆ, ಕನ್ನಡ ಪರೀಕ್ಷೆಗೆ ಮಾತ್ರ ಎಂದು. ಗಡಿನಾಡಿನಲ್ಲಿ ಈ ಪಾಠ ಹೆಚ್ಚು ಅಪಾಯದ್ದು. ಬಸ್ಸಿನ ಬೋರ್ಡಿನಲ್ಲೂ ಕಚೇರಿಯ ಅರ್ಜಿಯಲ್ಲೂ ಕನ್ನಡ ಕಾಣದ ಮಗು ಆಟದಲ್ಲೂ ಕಾಣದಿದ್ದರೆ, "ಕನ್ನಡ ಶಾಲೆ ಯಾಕೆ?" ಎಂದು ಒಂದು ದಿನ ನಿಮ್ಮನ್ನೇ ಕೇಳುತ್ತದೆ. ಸಂವಿಧಾನದ 29ನೆಯ ವಿಧಿ ಭಾಷೆ, ಲಿಪಿ, ಸಂಸ್ಕೃತಿ ಉಳಿಸಿಕೊಳ್ಳುವ ಹಕ್ಕು ಕೊಟ್ಟಿದೆ. 1956ರಲ್ಲಿ ಸೇರಿದ 350-ಎ ವಿಧಿ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ವ್ಯವಸ್ಥೆ ಮಾಡಲು ಹೇಳಿದೆ. ಕಾನೂನು ಶಾಲೆಯ ಬಾಗಿಲು ತೆರೆದಿಟ್ಟೀತು. ಒಳಗೆ ಬರುವ ಮನಸ್ಸನ್ನು ಮಗುವಿಗೆ ಕೊಡಬೇಕಾದವರು ನಾವು.

ಹಾಗಾದರೆ ಮಾಡುವುದೇನು?

ಒಂದು, ಮನೆಯಲ್ಲಿ. ಇವತ್ತು ಸಂಜೆ ಮಗುವಿನ ಪಕ್ಕದಲ್ಲಿ ಕುಳಿತು ಆಟ ನೋಡಿ. "ಈ ವೀರ ನಮ್ಮೂರಿನವನಾದರೆ ಏನು ಹೆಸರಿಡುತ್ತೀ? ಏನು ಮಾತಾಡಿಸುತ್ತೀ?" ಎಂದು ಕೇಳಿ. ಉತ್ತರ ಕೇಳಿ ನೀವೇ ಬೆರಗಾಗುವಿರಿ.

ಎರಡು, ಶಾಲೆಯಲ್ಲಿ. ಕೇರಳದ ಸರಕಾರಿ, ಅನುದಾನಿತ ಪ್ರೌಢಶಾಲೆಗಳಲ್ಲಿ 2018ರಿಂದ 'ಲಿಟ್ಲ್ ಕೈಟ್ಸ್' ಘಟಕಗಳಿವೆ. ಅಲ್ಲಿ ಮಕ್ಕಳಿಗೆ ಅನಿಮೇಶನ್, ಪ್ರೋಗ್ರಾಮಿಂಗ್ ಕಲಿಸುತ್ತಾರೆ. ಉಚಿತವಾಗಿ ಸಿಗುವ 'ಸ್ಕ್ರಾಚ್'ನಲ್ಲಿ ಮಗು ತಾನೇ ಪಾತ್ರ ಬಿಡಿಸಿ, ತನ್ನದೇ ಧ್ವನಿ ಮುದ್ರಿಸಿ ಸಣ್ಣ ಆಟ ಮಾಡಬಹುದು. ಚಂದ್ರಗಿರಿ ಹೊಳೆ ದಾಟಿ ಶಾಲೆಗೆ ಬರುವ ಹುಡುಗಿ, ಆನೆ ಬರುವ ಹೊತ್ತು ತಪ್ಪಿಸಿ ತಾಳವಾಡಿಯ ಹೊಲದಿಂದ ಮನೆಗೆ ಮರಳುವ ಹುಡುಗ, ಸೊಲ್ಲಾಪುರದಲ್ಲಿ ಸಿದ್ಧರಾಮನ ಜೊತೆ ಕೆರೆ ತೋಡುವ ಮಕ್ಕಳು, ಎಲ್ಲರೂ ವೀರರಾಗಬಲ್ಲರು. ಪುಸ್ತಕದ ಕನ್ನಡವೇ ಆಗಬೇಕೆಂದಿಲ್ಲ. ತಾಳವಾಡಿಯವನು ತಾಳವಾಡಿಯ ಕನ್ನಡ ಆಡಲಿ, ಜತ್ತದವನು ಜತ್ತದ ಕನ್ನಡ ಆಡಲಿ. ಮುಂದಿನ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಇದನ್ನು ಕೇಳಿ, ಬರವಣಿಗೆಯಲ್ಲಿ ಕೇಳಿ.

ಮೂರು, ಕರ್ನಾಟಕ ಸರಕಾರವನ್ನು. ಅನಿಮೇಶನ್, ಗೇಮಿಂಗ್ ಉದ್ಯಮಕ್ಕೆಂದು ಆ ಸರಕಾರ 2012ರಲ್ಲೇ ನೀತಿ ರೂಪಿಸಿತು, 2024ರಲ್ಲಿ ಹೊಸ ನೀತಿ ತಂದಿತು. ಸರಕಾರದ ನೆರವು ಪಡೆಯುವ ಪ್ರತಿಯೊಂದು ಆಟಕ್ಕೂ ಕನ್ನಡ ಧ್ವನಿ ಕಡ್ಡಾಯವಾಗಲಿ. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವು ಕಟ್ಟಡಕ್ಕೆ ಕೊಡುವಂತೆ ಮಕ್ಕಳ ಆಟಕ್ಕೂ ಒಂದಿಷ್ಟು ಕೊಡಲಿ. ಒತ್ತಕ್ಷರ ಸರಿಯಾಗಿ ಮೂಡುವುದಿಲ್ಲ ಎಂಬ ನೆವ ಇನ್ನು ಸಾಕು. ಕನ್ನಡ ಲಿಪಿ 1991ರಲ್ಲೇ ಯೂನಿಕೋಡ್ ಸೇರಿದೆ. ಆಟ ತಯಾರಿಸುವ 'ಗೊಡೋ' ಎಂಬ ಉಚಿತ ತಂತ್ರಾಂಶವೂ 2023ರ ನಾಲ್ಕನೆಯ ಆವೃತ್ತಿಯಿಂದ ಇಂಥ ಲಿಪಿಗಳನ್ನು ಕೂಡಿಸಿ ತೋರಿಸುತ್ತದೆ. ಇನ್ನು ಧ್ವನಿಗೆ ಲಿಪಿಯ ಹಂಗೇ ಇಲ್ಲ.

ಚಿತ್ರ ಬಿಡಿಸಿದ ಆ ಹುಡುಗನ ಪ್ರಶ್ನೆಗೆ ಅಂದು ನಾನು ಉತ್ತರಿಸಲಿಲ್ಲ. ಇಂದು ಉತ್ತರಿಸುತ್ತೇನೆ. ಮಗೂ, ಆಟದವನಿಗೆ ಕನ್ನಡ ಬರುತ್ತದೆ, ನಾವು ಕಲಿಸಿದರೆ. ರಾವಣನಿಗೇ ಕಲಿಸಿದವರು ನಾವು!